ಪಾಳಿಗೆ ಸಮಾನ, ಕೂಲಿಗೆ ಕಮ್ಮಿ

ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕುವವರು ನಮ್ಮ ಹೆಣ್ಣುಮಕ್ಕಳು. ಚರ್ಮ ಸುಲಿಯುವುದು ಇವರದು, ರೇಷ್ಮೆ ಉಡುವವರು ಬೇರೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು 1976ರಲ್ಲೇ ಕಾಯ್ದೆಯಾಯಿತು. ಚಿಂತಾಮಣಿ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಇವತ್ತಿಗೂ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ.

2023ರ ಫೆಬ್ರವರಿಯಲ್ಲಿ ಅಂದಿನ ಬಿಜೆಪಿ ರಾಜ್ಯ ಸರ್ಕಾರ ಕಾರ್ಖಾನೆ ಕಾಯ್ದೆ ತಿದ್ದಿತು: ದಿನಕ್ಕೆ 12 ಗಂಟೆವರೆಗೆ ದುಡಿಮೆ, ಹೆಂಗಸರಿಗೂ ರಾತ್ರಿ ಪಾಳಿ. ಇದೇ ಸಮಾನತೆಯಂತೆ! ಒಪ್ಪಿಗೆ ಬರೆಸಿಕೊಳ್ತಾರಂತೆ. ಗೌರಿಬಿದನೂರಿನ ಗಾರ್ಮೆಂಟ್ಸ್ ಹುಡುಗಿ ಒಲ್ಲೆ ಅಂದರೆ ನಾಳೆ ಕೆಲಸ ಇರ್ತದಾ ಸ್ವಾಮಿ? ರಾತ್ರಿಯೆಲ್ಲ ದುಡಿದು ಬಂದವಳಿಗೆ ಒಲೆ, ನೀರು, ಕೂಸು ಕಾದೇ ಇರ್ತವೆ.

ದುಡಿಸುವಾಗ ಸಮಾನತೆ, ಬಟವಾಡೆ ಮಾಡುವಾಗ ಮನುಧರ್ಮ. ಈ ಲೆಕ್ಕ ನಾವು ಒಪ್ಪೋದಿಲ್ಲ. ಮೊದಲು ಸಮಾನ ಕೂಲಿ ಎಣಿಸಿ. ರಾತ್ರಿಯ ಮಾತು ಆಮೇಲೆ.