‘ಇನ್ಮೇಲೆ ಹೊಲಕ್ಕೆ ಹೋಗ್ಬೇಡಿ’ ಅನ್ನೋ ವೈದ್ಯಕ್ಕೆ ನನ್ನ ತಕರಾರು

ಇವತ್ತು ಬೆಳಗ್ಗೆ ಐದೂವರೆಗೆ ಎದ್ದು ಎರಡು ಹಸು ಹಾಲು ಕರೆದೆ, ಡೈರಿಗೆ ಹಾಕಿ ಬಂದೆ, ಕೆಳಗಿನ ತೋಟಕ್ಕೆ ನಡ್ಕೊಂಡು ಹೋಗಿ ವಾಲ್ ತಿರುಗಿಸಿ ಬಂದೆ. ಇದರಲ್ಲೇನು ವಿಶೇಷ ಅಂತ ಕೇಳ್ತೀರಿ. ಹೋದ ವರ್ಷ ಇದೇ ಹೊತ್ತಿಗೆ ನಾನು ಪಡಸಾಲೆಯ ಮಂಚದ ಮೇಲೆ, ಮಂಡಿ ಕೆಳಗೆ ಎರಡು ದಿಂಬು ಇಟ್ಕೊಂಡು ಮಲಗಿದ್ದೆ. ನೋಡೋಕೆ ಬಂದಿದ್ದ ಪಕ್ಕದ ಜಮೀನಿನವರು ಕಾಫಿ ಕುಡಿದು ಏಳುವಾಗ ಮೆಲ್ಲಗೆ, "ಕೆಳಗಿನ ಒಂದು ಎಕರೆ ಕೊಡೋ ಯೋಚನೆ ಏನಾದ್ರೂ ಬಂದ್ರೆ ಮೊದಲು ನಂಗೆ ಹೇಳಪ್ಪ" ಅಂದ್ರು. ಅವರು ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ರೈತನ ಮಂಡಿ ಹೋದ್ರೆ ಅದರ ಹಿಂದೆಯೇ ಜಮೀನೂ ಹೋಗುತ್ತೆ ಅನ್ನೋದು ಊರಿಗೆಲ್ಲ ಗೊತ್ತಿರೋ ಲೆಕ್ಕ.

ಆಗಿದ್ದಿಷ್ಟು. ರಾಗಿಗೆ ಮೇಲುಗೊಬ್ಬರ ಹಾಕೋಕೆ ಯೂರಿಯಾ ಮೂಟೆ ಹೆಗಲ ಮೇಲೆ ಹೊತ್ಕೊಂಡು ಬದು ದಾಟ್ತಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಬಲಗಾಲು ಕೆಸರಲ್ಲಿ ಹೂತು ನಿಂತಿತು, ಮೈ ಎಡಕ್ಕೆ ತಿರುಗಿತು. ಒಳಗೆ ಟಕ್ ಅಂತು. ಅವತ್ತು ಹೇಗೋ ಕುಂಟ್ಕೊಂಡು ಮನೆಗೆ ಬಂದೆ. ಮಾರನೇ ದಿನ ಮಂಡಿ ಊದಿ ಗುಂಡಗಾಗಿತ್ತು.

ಅಲ್ಲಿಂದ ಶುರುವಾಯ್ತು ನೋಡಿ ಸಲಹೆಗಳ ಸುರಿಮಳೆ. ಪಕ್ಕದೂರಿನಲ್ಲಿ ಕಟ್ಟು ಹಾಕೋರು ಬಂದು ಬಿಗಿಯಾಗಿ ಪಟ್ಟಿ ಸುತ್ತಿ, ಇಪ್ಪತ್ತೊಂದು ದಿನ ಕಾಲು ನೆಲಕ್ಕೆ ಊರಬೇಡ ಅಂದ್ರು. ಮೆಡಿಕಲ್ ಸ್ಟೋರಿನವನು ಮಾತ್ರೆ ಕೊಟ್ಟ, ಚೀಟಿ ಏನೂ ಕೇಳಲಿಲ್ಲ. ಕೊನೆಗೆ ಪೇಟೆಯ ಮೂಳೆ ಡಾಕ್ಟರ ಹತ್ರ ಹೋದೆ. ಸ್ಕ್ಯಾನ್ ಆಯ್ತು. ಮಂಡಿಯ ಒಳಗಡೆ ಎರಡು ಮೂಳೆ ನಡುವೆ ಇರೋ ಮೆತ್ತೆ, ಮೆನಿಸ್ಕಸ್ ಅಂತಾರೆ, ಮೊದಲೇ ಸವೆದಿತ್ತಂತೆ, ಈಗ ಸೀಳಿದೆ ಅಂದ್ರು. ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ, ನೆಲದ ಮೇಲೆ ಕೂರಬೇಡಿ, ಹೆಚ್ಚು ನಡೀಬೇಡಿ, ಇನ್ಮೇಲೆ ಹೊಲಕ್ಕೆ ಹೋಗ್ಬೇಡಿ. ಅವರ ಬಾಯಲ್ಲಿ ಆರು ‘ಬೇಡ’ ಬಂತು. ‘ಇದು ಮಾಡಿ’ ಅನ್ನೋದು ಒಂದೂ ಬರಲಿಲ್ಲ. ನನ್ನ ತಕರಾರು ಇರೋದು ಇಲ್ಲೇ.

ಹೇಳಿದ ಹಾಗೆ ಆರು ವಾರ ಮಲಗಿದೆ. ಊತ ಇಳೀತು. ಜೊತೆಗೆ ತೊಡೆಯೂ ಇಳೀತು. ನಮ್ಮನೆಯವಳು ರವಿಕೆ ಹೊಲಿಯೋ ಟೇಪು ಹಿಡಿದು ನೋಡಿದ್ರೆ ಬಲ ತೊಡೆ ಎಡ ತೊಡೆಗಿಂತ ಒಂದು ಇಂಚು ಸಣ್ಣ. ಮೈತೂಕ ಐದು ಕೆಜಿ ಏರಿತ್ತು. ಎದ್ದು ಬಚ್ಚಲಿಗೆ ಹೋಗೋಕೆ ಮಂಡಿ ನಡುಗ್ತಿತ್ತು. ಗಾಯ ಆದ ದಿನ ನಾನೇ ನಡೆದು ಮನೆಗೆ ಬಂದಿದ್ದೆ. ‘ಚಿಕಿತ್ಸೆ’ ಮುಗಿದ ದಿನ ಗೋಡೆ ಹಿಡ್ಕೊಂಡು ನಡೆದೆ.

ಯಾಕೆ ಹೀಗಾಯ್ತು ಅಂತ ಆಮೇಲೆ ಕೂತು ಓದಿದೆ, ಕೇಳಿ ತಿಳ್ಕೊಂಡೆ. ಮೂಳೆ ತುದಿಗೆ ಅಂಟಿಕೊಂಡಿರೋ ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಅದಕ್ಕೆ ಆಹಾರ ಸಿಗೋದು ಕೀಲೊಳಗಿನ ದ್ರವದಿಂದ. ಸ್ಪಂಜನ್ನ ಒತ್ತಿ ಬಿಟ್ಟ ಹಾಗೆ, ಭಾರ ಬಿದ್ದಾಗ ಹಿಂಡುತ್ತೆ, ಭಾರ ಬಿಟ್ಟಾಗ ಹೀರುತ್ತೆ. ಕಾಲು ಆಡದೇ ಇದ್ರೆ ಆ ಹಿಂಡೋದೂ ಇಲ್ಲ, ಹೀರೋದೂ ಇಲ್ಲ. ಇನ್ನು ಮಂಡಿಯನ್ನ ಹಿಡಿದು ನಿಲ್ಲಿಸೋದು ತೊಡೆ ಮುಂಭಾಗದ ಸ್ನಾಯು. ಅದು ಸೊರಗಿದ್ರೆ ಪ್ರತಿ ಹೆಜ್ಜೆಯ ಏಟೂ ನೇರವಾಗಿ ಕೀಲಿಗೇ ಬೀಳುತ್ತೆ. ಹಾಗಾದ್ರೆ ಸವೆದ ಮಂಡಿಯವನನ್ನ ಮಲಗಿಸಿ ತೊಡೆ ಸೊರಗಿಸೋದು ಯಾವ ನ್ಯಾಯ?

‘ರೆಸ್ಟ್ ಮಾಡಿ, ಐಸ್ ಇಡಿ’ ಅನ್ನೋ ಸೂತ್ರ ಹುಟ್ಟಿದ್ದು ಎಲ್ಲಿ ಗೊತ್ತಾ? ಗೇಬ್ ಮಿರ್ಕಿನ್ ಅನ್ನೋ ಅಮೆರಿಕದ ಕ್ರೀಡಾ ವೈದ್ಯರು 1978ರಲ್ಲಿ ಪುಸ್ತಕದಲ್ಲಿ ಬರೆದಿದ್ದು. ವಿಶ್ರಾಂತಿ, ಐಸು, ಬಿಗಿ ಪಟ್ಟಿ, ಕಾಲು ಎತ್ತರಕ್ಕೆ ಇಡೋದು, ಈ ನಾಲ್ಕು. ಅದೇ ಮಿರ್ಕಿನ್ 2014ರಲ್ಲಿ, ಐಸೂ ಪೂರ್ತಿ ವಿಶ್ರಾಂತಿಯೂ ಗಾಯ ಮಾಯೋದನ್ನ ನಿಧಾನ ಮಾಡಬಹುದು ಅಂತ ತಾವೇ ತಿದ್ದಿ ಬರೆದ್ರು. ಸೂತ್ರ ಕಟ್ಟಿದವರೇ ಮಾತು ಬದಲಿಸಿ ಇಷ್ಟು ವರ್ಷ ಆದ್ಮೇಲೂ ನಮ್ಮ ತಾಲ್ಲೂಕಿಗೆ ಆ ಸುದ್ದಿ ಬಂದಿಲ್ಲ.

ಈಗ ಮಾತ್ರೆ ವಿಷಯ. ನಮ್ಮ ಕಡೆ ಮೈಕೈ ನೋವಿಗೆ ಡೈಕ್ಲೋಫೆನಾಕ್ ಅಂದ್ರೆ ಬೆಲ್ಲದ ಹಾಗೆ ತಿಂತಾರೆ. ಬೆಳಗ್ಗೆ ಒಂದು ನುಂಗಿ ಕೆಲಸಕ್ಕೆ ಹೋಗೋದು, ಸಂಜೆ ಇನ್ನೊಂದು. ಇದೇ ಔಷಧವನ್ನ ದನಗಳಿಗೆ ಕೊಡ್ತಿದ್ದಾಗ, ಆ ದನ ಸತ್ತ ಮೇಲೆ ಅದನ್ನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಲುಸಾಲಾಗಿ ಸತ್ವು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನ ನಿಷೇಧ ಮಾಡ್ತು. ಮನುಷ್ಯರ ಸೀಸೆಯನ್ನ ಕದ್ದು ದನಕ್ಕೆ ಬಳಸ್ತಾರೆ ಅಂತ 2015ರಲ್ಲಿ ಇಂಜೆಕ್ಷನ್ ಸೀಸೆಯನ್ನೇ ಮೂರು ಎಂಎಲ್‌ಗೆ ಇಳಿಸಿದ್ರು. ಮನುಷ್ಯ ಹದ್ದಲ್ಲ, ನಮ್ಮ ಮೈಗೆ ಅದು ಅಷ್ಟು ವಿಷ ಅಲ್ಲ, ಒಪ್ಪಿದೆ. ಡಾಕ್ಟರು ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣ ತಗೊಳ್ಳೋದ್ರಲ್ಲಿ ತಪ್ಪಿಲ್ಲ. ಆದ್ರೆ ತಿಂಗಳುಗಟ್ಟಲೆ, ಖಾಲಿ ಹೊಟ್ಟೆಯಲ್ಲಿ, ನೀರು ಕುಡಿಯದೆ ಬಿಸಿಲಲ್ಲಿ ದುಡಿಯುವಾಗ ತಿಂದ್ರೆ ಹೊಟ್ಟೆ ಹುಣ್ಣಾಗುತ್ತೆ, ಕಿಡ್ನಿಗೂ ಏಟು. ದನಕ್ಕೆ ಕೊಡೋಕೆ ಕಾನೂನು ಇದೆ, ದನ ಕಾಯೋನಿಗೆ ಮಾತ್ರ ಕೇಳೋರಿಲ್ಲ.

ಮಂಡಿ ಒಳಗೇ ಚುಚ್ಚೋ ಸ್ಟೀರಾಯ್ಡ್ ಇಂಜೆಕ್ಷನ್ ಇನ್ನೊಂದು. ಒಂದು ಸಲ ಚುಚ್ಚಿಸ್ಕೊಂಡ್ರೆ ಕೆಲವು ವಾರ ಸುಖ ಇರುತ್ತೆ, ಸುಳ್ಳಲ್ಲ. ಆದ್ರೆ 2017ರಲ್ಲಿ ಅಮೆರಿಕದಲ್ಲಿ ಮಂಡಿ ಸವೆದ 140 ಜನರ ಮೇಲೆ ನಡೆದ ಪರೀಕ್ಷೆ ಪ್ರಕಟ ಆಯ್ತು. ಅರ್ಧ ಜನಕ್ಕೆ ಮೂರು ತಿಂಗಳಿಗೊಮ್ಮೆ ಸ್ಟೀರಾಯ್ಡ್, ಉಳಿದವರಿಗೆ ಬರೀ ಉಪ್ಪುನೀರು. ಎರಡು ವರ್ಷ ಆದ್ಮೇಲೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ಟೀರಾಯ್ಡ್ ತಗೊಂಡವರ ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು. ಸುಗ್ಗಿಗೊಂದು ಸಲ ಚುಚ್ಚಿಸ್ಕೊಂಡು ಬರೋ ಅಣ್ಣಂದಿರು ಇದನ್ನ ಎರಡು ಸಲ ಓದಿ.

ನನಗೆ ತೂತು ಹಾಕಿ ಮಾಡೋ ಆಪರೇಷನ್ ಮಾಡಿಸಿ ಅಂತಲೂ ಒಬ್ಬರು ಹೇಳಿದ್ರು. ಫಿನ್ಲೆಂಡಿನ ವೈದ್ಯರು ಸವೆದು ಸೀಳಿದ ಮೆನಿಸ್ಕಸ್ ಇದ್ದ 146 ಜನರನ್ನ ತಗೊಂಡು, ಅರ್ಧ ಜನಕ್ಕೆ ನಿಜವಾಗಿ ಕತ್ತರಿಸಿ, ಇನ್ನರ್ಧಕ್ಕೆ ಕತ್ತರಿಸಿದ ಹಾಗೆ ನಟಿಸಿ, ಒಂದು ವರ್ಷ ಕಾದು ನೋಡಿದ್ರು. 2013ರಲ್ಲಿ ಫಲಿತಾಂಶ ಬಂತು: ಎರಡು ಗುಂಪೂ ಒಂದೇ ಥರ ಸುಧಾರಿಸಿತ್ತು. ನನಗೆ ಹೇಳಿದ ಖರ್ಚಲ್ಲಿ ಒಂದು ಒಳ್ಳೆ ಹಸು ಬರ್ತಿತ್ತು.

ಹಾಗಂತ ಆಸ್ಪತ್ರೆಯೇ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ತಪ್ಪು ತಿಳೀಬೇಡಿ. ಬಿದ್ದ ಮೇಲೆ ನಾಲ್ಕು ಹೆಜ್ಜೆ ಇಡೋಕೆ ಆಗದಿದ್ರೆ, ಮಂಡಿ ಅರ್ಧದಷ್ಟೂ ಮಡಚೋಕೆ ಬರದಿದ್ರೆ, ಬೀಗ ಹಾಕಿದ ಹಾಗೆ ಸಿಕ್ಕಿಹಾಕಿಕೊಂಡ್ರೆ, ಒಂದೆರಡು ಗಂಟೆಯೊಳಗೆ ಭಾರಿ ಊದಿಕೊಂಡ್ರೆ, ಕೀಲು ಕೆಂಪಗೆ ಬಿಸಿಯಾಗಿ ಜ್ವರ ಬಂದ್ರೆ ಅವತ್ತೇ ಹೋಗಿ. ಕಟ್ಟು ಹಾಕಿಸ್ಕೊಂಡು ಕೂರಬೇಡಿ. ನನ್ನ ಜಗಳ ಇರೋದು ಅದರಾಚೆಗೆ, ‘ಇನ್ನು ನಿನ್ನ ಕೆಲಸ ಮುಗೀತು’ ಅಂತ ತೀರ್ಪು ಕೊಟ್ಟು ಕಳಿಸೋರ ಜೊತೆ.

ನನ್ನ ದಾರಿ ತಿರುಗಿದ್ದು ಜಿಲ್ಲಾ ಕೇಂದ್ರದಲ್ಲಿ ಫಿಸಿಯೋಥೆರಪಿ ಮಾಡೋ ಒಬ್ಬ ಹುಡುಗಿಯಿಂದ. ನನ್ನ ಮಗಳ ವಯಸ್ಸು. "ಅಂಕಲ್, ಬೇಸಿಗೆ ಪೂರ್ತಿ ಕೊಟ್ಟಿಗೇಲಿ ನಿಂತಿದ್ದ ಎತ್ತನ್ನ ಮೊದಲ ಮಳೆಗೇ ಇಡೀ ದಿನ ಉಳೋಕೆ ಹೂಡ್ತೀರಾ?" ಅಂದ್ಲು. ಅವಳೂ ರೈತರ ಮನೆ ಹುಡುಗಿಯೇ. ಎತ್ತಿಗೆ ಮಾಡೋ ನ್ಯಾಯ ನನ್ನ ಕಾಲಿಗೆ ಮಾಡಿರಲಿಲ್ಲ.

ಮೊದಲ ಎರಡು ವಾರ ಮಂಡಿ ಕೆಳಗೆ ಮಡಚಿದ ಟವೆಲ್ ಇಟ್ಟು ಅದನ್ನ ನೆಲಕ್ಕೆ ಒತ್ತೋದು, ಐದು ಎಣಿಸಿ ಬಿಡೋದು. ಕಾಲು ನೇರ ಮಾಡಿ ಒಂದು ಅಡಿ ಎತ್ತಿ ಇಳಿಸೋದು. ಹತ್ತರಂತೆ ಮೂರು ಸಲ. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳೋದು, ಕೂರೋದು. ಆಮೇಲೆ ಜಗಲಿಯ ಒಂದು ಮೆಟ್ಟಿಲು ಹತ್ತಿ ಇಳಿಯೋದು. ನಡಿಗೆ ಮೊದಲು ಹತ್ತು ನಿಮಿಷ, ವಾರಕ್ಕೆ ಎರಡು ಮೂರು ನಿಮಿಷ ಜಾಸ್ತಿ. ನೋವಿಗೆ ಅವಳು ಕೊಟ್ಟ ಅಳತೆ ಹೀಗೆ: ಹತ್ತರಲ್ಲಿ ಐದರವರೆಗೆ ನೋವು ಬಂದ್ರೆ ಹೆದರಬೇಡಿ, ಆದ್ರೆ ಮಾರನೇ ಬೆಳಗ್ಗೆ ಅದು ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ, ಇಲ್ಲ ಊತ ಬಂದಿದೆ ಅಂದ್ರೆ ಹಿಂದಿನ ದಿನ ಜಾಸ್ತಿ ಮಾಡಿದ್ದೀರಿ, ಒಂದು ಮೆಟ್ಟಿಲು ಕೆಳಗಿಳೀರಿ. ಮಳೆ ಅಳತೆ ಬರೆಯೋ ಡೈರಿಯಲ್ಲೇ ಪಕ್ಕಕ್ಕೆ ನೋವಿನ ಅಂಕಿ ಬರೆದೆ. ಮೂರು ತಿಂಗಳು ಆಗೋ ಹೊತ್ತಿಗೆ ತೊಡೆ ಅರ್ಧ ಇಂಚು ವಾಪಸ್ ಬಂತು. ಐದನೇ ತಿಂಗಳಿಗೆ ಹುಲ್ಲು ಕುಯ್ದೆ.

ಇದಕ್ಕೆ ನಮ್ಮವರ ಮಾತು ಒಂದೇ: "ದಿನಾ ಹೊಲದಲ್ಲಿ ದುಡಿಯೋರಿಗೆ ವ್ಯಾಯಾಮ ಯಾಕಪ್ಪ?" ನಾನೂ ಹಾಗೇ ಅಂತಿದ್ದೆ. ಹೊಲದ ಕೆಲಸ ಮೈಯನ್ನ ಒಂದೇ ಕಡೆ ದುಡಿಸುತ್ತೆ. ಕಳೆ ಕೀಳುವಾಗ ನಾಲ್ಕು ಗಂಟೆ ಕುಕ್ಕರಗಾಲು, ಮೂಟೆ ಯಾವಾಗ್ಲೂ ಅದೇ ಹೆಗಲು, ನೋವಿದ್ರೂ ಕೆಲಸ ನಿಲ್ಲೋದಿಲ್ಲ. ಕುಕ್ಕರಗಾಲು ಮತ್ತು ಭಾರ ಎರಡೂ ಸೇರಿದ ಕೆಲಸದವರಿಗೆ ಮಂಡಿ ಸವೆತ ಜಾಸ್ತಿ ಅಂತ ವೈದ್ಯರು ಎಷ್ಟೋ ವರ್ಷದಿಂದ ಹೇಳ್ತಿದ್ದಾರೆ. ವ್ಯಾಯಾಮದಲ್ಲಿ ಭಾರ ಎಷ್ಟು ಅಂತ ನಾವು ನಿರ್ಧರಿಸ್ತೀವಿ. ಕೆಲಸದಲ್ಲಿ ಅದನ್ನ ಮಳೆ, ಸಾಲ, ಕೂಲಿ ಆಳಿನ ಕೊರತೆ ನಿರ್ಧರಿಸುತ್ತೆ.

ಅದಕ್ಕೇ ಕೆಲಸದ ರೀತಿಯನ್ನೂ ಬದಲಿಸಿದೆ. ಹಾಲು ಕರೆಯೋಕೆ ಒಂದು ಅಡಿ ಎತ್ತರದ ಸ್ಟೂಲು ಮಾಡಿಸ್ಕೊಂಡೆ. ರಾಗಿ ಸಾಲಿನ ಕಳೆಗೆ ನಿಂತೇ ತಳ್ಳೋ ಸೈಕಲ್ ವೀಡರ್. ಮೂಟೆ ಗಾಡಿಯಿಂದ ಇಳಿದ ಕಡೆಯೇ ಬಿಚ್ಚಿ ಎರಡು ಬಕೆಟ್‌ಗೆ ಹಾಕಿ ಎರಡೂ ಕೈಲಿ ಒಯ್ತೀನಿ, ನಾಲ್ಕು ಸಲ ಓಡಾಡಿದ್ರೂ ಪರವಾಗಿಲ್ಲ. ಮಲಗಿ ಏರಿಸಿದ್ದ ಐದು ಕೆಜಿ ಇಳಿಸಿದೆ. ಮಂಡಿ ಸವೆದ ದಪ್ಪ ಮೈಯವರನ್ನ ಅಳೆದು ನೋಡಿದಾಗ, ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆ ಆಗಿತ್ತಂತೆ. ಇದಕ್ಕಿಂತ ಅಗ್ಗದ ಔಷಧಿ ಎಲ್ಲಿದೆ?

ಸರ್ಕಾರದ ಕಡೆಗೂ ಒಂದು ಮಾತು. 2018ರಲ್ಲಿ ಯೂರಿಯಾ ಮೂಟೆಯನ್ನ 50 ಕೆಜಿಯಿಂದ 45ಕ್ಕೆ ಇಳಿಸಿದ್ರಿ. ಅದು ನಾವು ಯೂರಿಯಾ ಕಡಿಮೆ ಸುರೀಲಿ ಅಂತ, ಹೊರೋನ ಮಂಡಿ ಉಳೀಲಿ ಅಂತ ಅಲ್ಲ. ಡಿಎಪಿ ಇವತ್ತಿಗೂ 50 ಕೆಜಿಯೇ. 25 ಕೆಜಿ ಮೂಟೆ ಮಾಡಿದ್ರೆ ಯಾರ ಗಂಟು ಹೋಗುತ್ತೆ? 2017ರಲ್ಲಿ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ್ರಿ, ಒಳ್ಳೇದೇ ಮಾಡಿದ್ರಿ. ಆದ್ರೆ ಹುಟ್ಟಿನಿಂದ ಬಂದ ಮಂಡಿಯನ್ನ ಉಳಿಸಿಕೊಡೋ ಆ ಹುಡುಗಿ ಹತ್ರ ಹೋಗೋಕೆ ನಾನು ಎರಡು ಬಸ್ಸು ಬದಲಿಸಬೇಕಿತ್ತು. ಅಂಥವರು ವಾರಕ್ಕೊಂದು ದಿನ ಹೋಬಳಿಗೆ ಬಂದು ಕೂತ್ರೂ ಸಾಕು, ಎಷ್ಟೋ ಮಂಡಿ ಉಳೀತವೆ.

ಕೊನೆಗೆ ನಮ್ಮನ್ನೂ ಬೈಕೊಳ್ಳಬೇಕು. ನಾನು ಮಲಗಿದ್ದ ಆರು ವಾರ ಎರಡು ಹಸು, ತೋಟ, ಅಡುಗೆ ಎಲ್ಲ ನೋಡ್ಕೊಂಡಿದ್ದು ನಮ್ಮನೆಯವಳು. ನನಗೆ ವ್ಯಾಯಾಮ ಹೇಳಿಕೊಡುವಾಗ ಪಕ್ಕದಲ್ಲಿ ನಿಂತಿದ್ದ ಅವಳನ್ನ ಆ ಹುಡುಗಿ, "ಆಂಟಿ, ನಿಮ್ಮ ಮಂಡಿ ಹೇಗಿದೆ?" ಅಂತ ಕೇಳಿದ್ಲು. "ನಾಲ್ಕು ವರ್ಷದಿಂದ ನೋವು" ಅಂದಳು. ನಾಲ್ಕು ವರ್ಷ ಒಂದೇ ಮನೇಲಿ ಇದ್ದು ನನಗೆ ಗೊತ್ತಿರಲಿಲ್ಲ. ಬಗ್ಗಿ ನಾಟಿ ಹಾಕೋರು, ಕೂತು ಕಳೆ ಕೀಳೋರು ಎಲ್ಲ ಅವರೇ. ಅವರ ನೋವಿಗೆ ಸ್ಕ್ಯಾನೂ ಇಲ್ಲ, ಮಂಚವೂ ಇಲ್ಲ, ಜಮೀನು ಕೇಳ್ಕೊಂಡು ಬರೋರೂ ಇಲ್ಲ. ಈಗ ಸಂಜೆ ಹಾಲು ಹಾಕಿ ಬಂದ ಮೇಲೆ ಇಬ್ಬರೂ ಒಟ್ಟಿಗೆ ಕುರ್ಚಿಯಿಂದ ಎದ್ದು ಕೂರ್ತೀವಿ, ಹತ್ತರಂತೆ ಮೂರು ಸಲ. ನೋಡಿದವರು ನಗ್ತಾರೆ, ನಗಲಿ.

ಇವತ್ತು ರಾತ್ರಿ ಊಟಕ್ಕೆ ಮುಂಚೆ ಒಂದು ಕೆಲಸ ಮಾಡಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತು ನೋಡಿ. ಮನೆಯಲ್ಲಿ ಟೇಪಿದ್ರೆ ಎರಡೂ ತೊಡೆ ಅಳೀರಿ. ನಿಮ್ಮದಷ್ಟೇ ಅಲ್ಲ, ಮನೆಯವರದ್ದೂ. ಕೆಳಗಿನ ಎಕರೆ ಕೇಳೋಕೆ ಬಂದಿದ್ದವರು ನಿನ್ನೆ ಬದುವಿನ ಮೇಲೆ ಸಿಕ್ಕಿದ್ರು, ಅವರೂ ಕುಂಟ್ತಿದ್ರು. ಜಮೀನಿನ ಮಾತು ಎತ್ತಲಿಲ್ಲ. "ಆ ಹುಡುಗಿ ಯಾವ ವಾರ ಸಿಗ್ತಾಳಪ್ಪ?" ಅಂತ ಕೇಳಿದ್ರು. ಸೋಮವಾರ ಇಬ್ಬರೂ ಒಟ್ಟಿಗೆ ಬಸ್ಸು ಹತ್ತೀವಿ.