ಗ್ರಹದ ಸುತ್ತಲಿನ ಗುರುತುಗಳು

ಗಣಕಯಂತ್ರದ ಆಟಗಳೆಲ್ಲವೂ ಕಾಲಹರಣವೆಂದು ಹಿರಿಯರು ಹೇಳುವುದುಂಟು. ಆ ಮಾತು ಬಹುಮಟ್ಟಿಗೆ ನಿಜವೇ. ಆದರೆ ಆಟವೊಂದು ಅರ್ಥವಾಗದ ಗುರುತೊಂದನ್ನು ನಮ್ಮ ಮುಂದಿಟ್ಟು, ‘ಇದೇನು?’ ಎಂದು ಯೋಚಿಸುವಂತೆ ಮಾಡಿದರೆ, ಅಷ್ಟು ಹೊತ್ತು ಅದೂ ಒಂದು ಪಾಠಶಾಲೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಉದಾಹರಣೆಗೆ ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್’ ಎಂಬ ಆಟವನ್ನು ತೆಗೆದುಕೊಳ್ಳೋಣ. ಮೆಕ್ಸಿಕೋ ದೇಶದ ಸಂಸ್ಥೆಯೊಂದು ರಚಿಸಿದ ಈ ಆಟದ ಪೂರ್ಣರೂಪವು ೨೦೧೫ರಲ್ಲಿ ಹೊರಬಂದಿತು. ಆಟಗಾರನು ತಾನೇ ರಾಕೆಟ್ಟನ್ನು ಜೋಡಿಸಿ, ಕೆರ್ಬಿನ್ ಎಂಬ ಕಲ್ಪಿತ ಗ್ರಹದಿಂದ ಹಾರಿಸಬೇಕು. ಹಾರಿಸಿದ ಮೇಲೆ ನಕಾಶೆಯನ್ನು ತೆರೆದರೆ ಗ್ರಹದ ಸುತ್ತ ನೀಲಿ ಗೆರೆಯೊಂದು, ಅದರ ಮೇಲೆ ‘ಎಪಿ’, ‘ಪಿಇ’ ಎಂಬ ಗುರುತುಗಳು ಕಾಣುತ್ತವೆ. ಮಿನ್ಮಸ್ ಎಂಬ ಪುಟ್ಟ ಉಪಗ್ರಹವನ್ನು ಗುರಿಯಾಗಿ ಆರಿಸಿಕೊಂಡರೆ ‘ಎಎನ್’, ‘ಡಿಎನ್’ ಎಂಬ ಇನ್ನೆರಡು ಮೂಡುತ್ತವೆ. ಹೊಸಬನಿಗೆ ಇವೆಲ್ಲವೂ ಒಗಟು.

ಈ ಒಗಟನ್ನು ಅಲಂಕಾರವೆಂದು ಕಡೆಗಣಿಸಬಹುದು. ಬಲ್ಲವರನ್ನು ಕೇಳಿ, ಯಾವಾಗ ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನಷ್ಟೇ ಕಲಿತು ಗೆಲ್ಲಬಹುದು. ಆದರೆ ಸುಮ್ಮನೆ ಕುಳಿತು ನೋಡುವುದೇ ಮೇಲು. ನೋಡುತ್ತಿದ್ದರೆ ರಾಕೆಟ್ಟು ‘ಎಪಿ’ಯ ಬಳಿ ಮಂದವಾಗಿಯೂ ‘ಪಿಇ’ಯ ಬಳಿ ವೇಗವಾಗಿಯೂ ಚಲಿಸುವುದು ತಿಳಿಯುತ್ತದೆ. ಒಂದು ಅತಿ ದೂರದ ಬಿಂದು, ಮತ್ತೊಂದು ಅತಿ ಸಮೀಪದ ಬಿಂದು. ಕೆಪ್ಲರನು ೧೬೦೯ರಲ್ಲಿ ಗ್ರಹಗಳ ವಿಷಯವಾಗಿ ಪ್ರಕಟಿಸಿದ ಸತ್ಯವೂ ಇದೇ. ನಮ್ಮ ಚಂದ್ರನೂ ಸುಮಾರು ೩,೬೩,೦೦೦ ಕಿಲೋಮೀಟರಿನಷ್ಟು ಸಮೀಪಕ್ಕೆ ಬಂದು, ಸುಮಾರು ೪,೦೫,೦೦೦ ಕಿಲೋಮೀಟರಿನಷ್ಟು ದೂರಕ್ಕೆ ಸರಿಯುತ್ತಾನೆ. ನಮ್ಮ ಪ್ರಾಚೀನರು ಆ ದೂರದ ಬಿಂದುವನ್ನು ‘ಮಂದೋಚ್ಚ’ವೆಂದರು, ಚಲನೆಯ ಮಾಂದ್ಯವು ಆ ಹೆಸರಿನಲ್ಲಿಯೇ ಇದೆ.

ಇನ್ನು ‘ಎಎನ್’, ‘ಡಿಎನ್’ಗಳ ವಿಷಯ. ನಕಾಶೆಯನ್ನು ಓರೆಯಾಗಿ ತಿರುಗಿಸಿ ನೋಡಿದರೆ ಮಿನ್ಮಸ್ಸಿನ ಪಥವು ೬ ಅಂಶಗಳಷ್ಟು ವಾಲಿರುವುದು ಕಾಣುತ್ತದೆ. ವಾಲಿದ ತಲವು ನಮ್ಮ ಪಥದ ತಲವನ್ನು ಕತ್ತರಿಸುವ ಗೆರೆಯ ಎರಡು ಕಡೆಗಳಲ್ಲಿ ಈ ಗುರುತುಗಳಿವೆ. ನಿಜವಾದ ಚಂದ್ರನ ಪಥವೂ ಸೂರ್ಯನ ದಾರಿಗೆ ಸುಮಾರು ೫ ಅಂಶಗಳಷ್ಟು ವಾಲಿದೆ. ಅವೆರಡೂ ಸಂಧಿಸುವ ಬಿಂದುಗಳ ಹೆಸರು ನಮ್ಮ ಅಜ್ಜಿಯರಿಗೂ ಗೊತ್ತು: ರಾಹು ಮತ್ತು ಕೇತು! ಪುರಾಣದ ಹೆಸರುಗಳನ್ನೇ ನಮ್ಮ ಗಣಿತಜ್ಞರು ಆ ಬಿಂದುಗಳಿಗಿಟ್ಟರು. ಅಲ್ಲಿ ಸರ್ಪವಿಲ್ಲ, ಕಲ್ಲೂ ಇಲ್ಲ. ಎರಡು ದಾರಿಗಳು ಕೂಡುವ ಸ್ಥಳವಷ್ಟೇ. ಹುಣ್ಣಿಮೆ ಅಮಾವಾಸ್ಯೆಗಳು ಆ ಬಿಂದುಗಳ ಬಳಿ ಒದಗಿದಾಗ ಮಾತ್ರ ಗ್ರಹಣವಾಗುತ್ತದೆ. ಗ್ರಹಣಕ್ಕೆ ನೆರಳೇ ಕಾರಣವೆಂದು ಆರ್ಯಭಟನು ಕ್ರಿ.ಶ. ೪೯೯ರ ತನ್ನ ಗ್ರಂಥದಲ್ಲಿಯೇ ಹೇಳಿದನು. ಆದರೂ ಗ್ರಹಣದ ದಿನ ಬಾಗಿಲು ಮುಚ್ಚಿ, ಉಪವಾಸವಿದ್ದು, ರಾಹುವಿಗೆ ಹೆದರುವವರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಗುರುತನ್ನು ಕಂಡು, ಅದು ಯಾವುದರ ಗುರುತೆಂದು ವಿಚಾರಿಸದೆ ಹೋಗುವುದರ ಫಲವಿದು. ಗುಂಡಿಯನ್ನಷ್ಟೇ ಕಲಿತು ಆಟ ಗೆದ್ದ ಹುಡುಗನಿಗೂ, ಹೆಸರನ್ನಷ್ಟೇ ಕೇಳಿ ಹೆದರುವ ಹಿರಿಯರಿಗೂ ನನಗೆ ಹೆಚ್ಚು ಭೇದ ಕಾಣದು. ಆಟವನ್ನು ರಚಿಸಿದವರು ಎಲ್ಲವನ್ನೂ ಮೊದಲೇ ವಿವರಿಸಬೇಕಿತ್ತೆಂದು ಕೆಲವರು ದೂರುತ್ತಾರೆ. ನಾನದನ್ನು ಒಪ್ಪಲಾರೆ. ಆಟದ ಗುರುತನ್ನು ಯಾರೋ ಬರೆದಿಟ್ಟಿದ್ದಾರೆ. ಅದನ್ನು ನಾವು ಓದಿಕೊಂಡರೆ ಸಾಕು. ಆಕಾಶದಲ್ಲಿ ಗೆರೆಯೂ ಇರಲಿಲ್ಲ, ಗುರುತೂ ಇರಲಿಲ್ಲ. ಬರಿಗಣ್ಣಿನಿಂದ ತಲೆಮಾರುಗಳ ಕಾಲ ನೋಡಿ ನೋಡಿ ಮನುಷ್ಯನೇ ಅವನ್ನು ಕಂಡುಕೊಳ್ಳಬೇಕಾಯಿತು. ಅವರು ಪಟ್ಟ ಶ್ರಮದ ಲೇಶವನ್ನಾದರೂ ನಾವು ಪಡಬೇಡವೆ?

ಆದುದರಿಂದ ವಿದ್ಯಾರ್ಥಿ ಮಿತ್ರರೆ, ಅರಿಯದ ಗುರುತೊಂದು ಎದುರಾದಾಗ ಇನ್ನೊಬ್ಬರನ್ನು ಕೇಳುವ ಮುನ್ನ ಒಂದು ಸಂಜೆಯನ್ನು ಅದಕ್ಕೆ ಕೊಡಿರಿ. ಆ ಸಂಜೆ ನಗರದ ದೀಪಗಳ ನಡುವೆಯೂ ಚಂದ್ರನು ಕಾಣುವನು. ಮಾಳಿಗೆ ಹತ್ತಿ ಅವನನ್ನೂ ಒಮ್ಮೆ ನೋಡಿ ಬನ್ನಿರಿ.