ಜಾಹೀರಾತಿನ ತಿನಿಸು ಮತ್ತು ಮಕ್ಕಳ ಅರಿವು

ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಬುತ್ತಿ ಬಿಚ್ಚುವದನ್ನು ಶಿಕ್ಷಕರಾದವರು ಒಮ್ಮೆ ದೂರ ನಿಂತು ನೋಡಬೇಕು. ಬಣ್ಣದ ಪೊಟ್ಟಣ ತಂದ ಹುಡುಗ ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದು ತಿನ್ನುತ್ತಾನೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದವನು ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು, ಕೈ ಅಡ್ಡ ಹಿಡಿದು ಉಣ್ಣುತ್ತಾನೆ. ರೊಟ್ಟಿಗೆ ನಾಚಬೇಕೆಂದು ಅವನಿಗೆ ಕಲಿಸಿದವರು ಯಾರು? ಮನೆಯವರು ಕಲಿಸಲಿಲ್ಲ, ನಾವೂ ಕಲಿಸಲಿಲ್ಲ. ಪ್ರೀತಿಯ ತಾಯಿಯೆಂದರೆ ನಗುನಗುತ್ತ ಪೊಟ್ಟಣ ಕತ್ತರಿಸುವವಳು ಎಂದು ದಿನವೂ ತೋರಿಸುವ ದೂರದರ್ಶನದ ಪರದೆ ಈ ಪಾಠವನ್ನು ಸದ್ದಿಲ್ಲದೆ ಕಲಿಸಿದೆ. ಆ ಪರದೆಯ ತಾಯಿ ರೊಟ್ಟಿ ಬಡಿದದ್ದನ್ನು ಯಾರೂ ಕಂಡಿಲ್ಲ.

ನಮ್ಮ ದೇಶದ ದೂರದರ್ಶನದಲ್ಲಿ ಜಾಹೀರಾತುಗಳಿಗೆ ಅವಕಾಶ ದೊರೆತದ್ದು 1976ರಲ್ಲಿ. 1983ರಲ್ಲಿ ಮ್ಯಾಗಿ ಶಾವಿಗೆ ಭಾರತಕ್ಕೆ ಬಂದಿತು. 'ಎರಡೇ ನಿಮಿಷ' ಎಂಬ ಅದರ ಮಾತು ಮಕ್ಕಳ ನಾಲಗೆಯ ಮೇಲೆ ನೆಲೆಸಿತು. 2009ರಲ್ಲಿ 'ಚಿಂಟು' ಎಂಬ ಮಕ್ಕಳ ವಾಹಿನಿ ಕನ್ನಡದಲ್ಲಿಯೇ ಆರಂಭವಾಯಿತು. ಇಂದು ಬೆಟಗೇರಿಯ ನೇಕಾರರ ಓಣಿಯ ಕೂಸು ಕೂಡ ಅಕ್ಷರ ಕಲಿಯುವ ಮೊದಲೇ ಜಾಹೀರಾತಿನ ಹಾಡು ಕಲಿಯುತ್ತದೆ.

ಹಾಗಾದರೆ ಮಕ್ಕಳಿಗೆ ಜಾಹೀರಾತು ಎಂದರೇನೆಂಬುದು ತಿಳಿಯುವದಿಲ್ಲವೇ? ಈ ಪ್ರಶ್ನೆಯನ್ನು ವಿದ್ವಾಂಸರು ಅರ್ಧ ಶತಮಾನದಿಂದ ಶೋಧಿಸುತ್ತ ಬಂದಿದ್ದಾರೆ. ಅಮೆರಿಕದಲ್ಲಿ ರಾಬರ್ಟ್‌ಸನ್ ಮತ್ತು ರಾಸಿಟರ್ ಎಂಬವರು 1974ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಾಹೀರಾತು ನಮ್ಮ ಮನವೊಲಿಸಲೆಂದೇ ಬರುತ್ತದೆ ಎಂಬುದನ್ನು ಒಂದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಬಲ್ಲರು. ಐದನೆಯ ತರಗತಿಗೆ ಬರುವಷ್ಟರಲ್ಲಿ ಬಹುತೇಕ ಎಲ್ಲರೂ ಬಲ್ಲರು. ಏಳೆಂಟು ವರ್ಷದೊಳಗಿನ ಮಗು ಜಾಹೀರಾತನ್ನು ಸತ್ಯವಾರ್ತೆಯೆಂದೇ ಸ್ವೀಕರಿಸುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆ 2004ರಲ್ಲಿ ಅಭಿಪ್ರಾಯಪಟ್ಟಿತು.

ನಮ್ಮ ತರಗತಿಗಳ ಅನುಭವವೂ ಇದಕ್ಕೆ ದೂರವಾಗಿಲ್ಲ. ಎರಡನೆಯ ತರಗತಿಯಲ್ಲಿ, 'ಹಾಲಿಗೆ ಹಾಕುವ ಆ ಪುಡಿಯನ್ನು ಟಿ.ವಿ.ಯಲ್ಲಿ ಏಕೆ ತೋರಿಸುತ್ತಾರೆ?' ಎಂದು ಕೇಳಿದೆನು. 'ಕುಡದ್ರ ತಾಕತ್ ಬರತೈತ್ರಿ, ಅದಕ್ಕ' ಎಂದು ಒಕ್ಕೊರಲಿನ ಉತ್ತರ ಬಂದಿತು. ಏಳನೆಯ ತರಗತಿಯ ಬಾಲಕಿಯೊಬ್ಬಳು ಅದೇ ಪ್ರಶ್ನೆಗೆ, 'ಮಾರಾಕ ತೋರಸ್ತಾರ್ರಿ ಸರ್, ಅದರಾಗ ಖರೇ ಏನೂ ಇರಂಗಿಲ್ಲ' ಎಂದಳು. ಇಂಥ ಸ್ಪಷ್ಟ ಉತ್ತರ ಕೇಳಿ ಹರ್ಷವಾಯಿತು. ಆದರೆ ಗಂಟೆ ಬಾರಿಸಿ ಹತ್ತು ನಿಮಿಷ ಕಳೆಯುವದರೊಳಗೆ, ತಾನು ಆಡಿಕೊಂಡ ಆ ಜಾಹೀರಾತಿನದೇ ಪೊಟ್ಟಣ ಅವಳ ಕೈಯಲ್ಲಿತ್ತು.

ನನ್ನ ಅಭಿಪ್ರಾಯದ ತಿರುಳು ಇಲ್ಲಿಯೇ ಇದೆ. ಮಗುವಿಗೆ ಜಾಹೀರಾತಿನ ಮರ್ಮ ತಿಳಿಸಿಬಿಟ್ಟರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ ಎಂದು ನಾವು ನಂಬಿದ್ದೇವೆ. ಈ ನಂಬಿಕೆ ಅರ್ಧಸತ್ಯ. ತಿಳಿದವರು ಕೂಡ ಮನಸೋಲುತ್ತಾರೆ. ದೊಡ್ಡ ಮಕ್ಕಳೂ ಚಿಕ್ಕವರಷ್ಟೇ ಜಾಹೀರಾತಿಗೆ ಒಳಗಾಗುವದನ್ನು ಇಂಗ್ಲೆಂಡಿನ ಸೋನಿಯಾ ಲಿವಿಂಗ್‌ಸ್ಟನ್ ಮತ್ತು ಎಲೆನ್ ಹೆಲ್ಸ್‌ಪರ್ 2006ರಲ್ಲಿ ಎತ್ತಿ ತೋರಿಸಿದರು. ಚಿಕ್ಕವರನ್ನು ಗೊಂಬೆ, ಬಣ್ಣ, ಹಾಡು ಸೆಳೆದರೆ, ದೊಡ್ಡವರನ್ನು ಕ್ರಿಕೆಟ್ ಆಟಗಾರನ ನಗೆ ಮತ್ತು ಗೆಳೆಯರೆದುರಿನ ಮಾನ ಸೆಳೆಯುತ್ತವೆ. ತರ್ಕಕ್ಕೆ ತರ್ಕ ಉತ್ತರವಾದೀತು. ಹಾಡಿಗೆ ತರ್ಕ ಹೇಗೆ ಉತ್ತರವಾದೀತು? ಅರಿವು ಆಚಾರವಾಗದಿದ್ದರೆ ಫಲವಿಲ್ಲವೆಂಬುದು ಶರಣ ಪರಂಪರೆಯಲ್ಲಿ ಬೆಳೆದ ನಮಗೆ ಹೊಸ ಮಾತಲ್ಲ. ಆಸೆಯ ಗಳಿಗೆಯಲ್ಲಿ ಕೈಯನ್ನು ತಡೆಯದ ಅರಿವು ಪರೀಕ್ಷೆಯ ಉತ್ತರವಷ್ಟೇ ಆಗಿ ಉಳಿಯುತ್ತದೆ.

'ಮಕ್ಕಳನ್ನು ಹದ್ದುಬಸ್ತಿನಲ್ಲಿಡುವದು ಪಾಲಕರ ಕೆಲಸ' ಎಂದು ಕೆಲವರು ವಾದಿಸುವರು. ಮಾತು ಸರಿ, ಆದರೆ ಸಾಲದು. ನಮ್ಮ ಗದಗ ಸೀಮೆಯದೇ ಒಂದು ನಿದರ್ಶನ ನೋಡೋಣ. ಸಾಹುಕಾರನ ಬಡ್ಡಿ ತನ್ನನ್ನು ಮುಳುಗಿಸುತ್ತದೆಂದು ತಿಳಿಯದ ರೈತ ಯಾವ ಹಳ್ಳಿಯಲ್ಲಿದ್ದನು? ತಿಳಿದೂ ಬಿತ್ತನೆಯ ಹೊತ್ತಿಗೆ ಅವನು ಅದೇ ಬಾಗಿಲಿಗೆ ಹೋಗಬೇಕಾಗುತ್ತಿತ್ತು. 1905ರಲ್ಲಿ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಾಗ ರೈತನಿಗೆ ದೊರೆತದ್ದು ಹೊಸ ತಿಳುವಳಿಕೆಯಲ್ಲ, ತಿಳಿದಂತೆ ನಡೆಯಲು ಒಂದು ಆಸರೆ. ಮಕ್ಕಳ ವಿವೇಕಕ್ಕೂ ಇಂಥ ಆಸರೆ ಬೇಕು. ಹೊಲಕ್ಕೆ ಕೂಲಿಗೆ ಹೋಗಿ ಸಂಜೆ ಮರಳುವ ತಾಯಿಯೊಬ್ಬಳೇ ಕೋಟ್ಯಂತರ ರೂಪಾಯಿಯ ಜಾಹೀರಾತಿನೊಡನೆ ಸೆಣಸಲಿ ಎನ್ನುವದು ನ್ಯಾಯವಲ್ಲ.

ಆಸರೆಯ ಒಂದು ಭಾಗ ಕಾನೂನಿನಲ್ಲಿದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹದಿಮೂರು ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಟ್ಟ ಜಾಹೀರಾತುಗಳಿಗೆ 1980ರಿಂದಲೇ ನಿಷೇಧವಿದೆ. ನಮ್ಮಲ್ಲಿ 2020ರ ಆಹಾರ ಸುರಕ್ಷತಾ ನಿಯಮಗಳಂತೆ ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಸುತ್ತಲಿನ 50 ಮೀಟರಿನೊಳಗೂ ಮಾರುವಂತಿಲ್ಲ. ಮಕ್ಕಳ ಕಾರ್ಯಕ್ರಮಗಳ ನಡುವೆ ಚಿಪ್ಸ್ ಮತ್ತು ಸೋಡಾ ಪಾನೀಯಗಳ ಜಾಹೀರಾತು ಕೂಡದೆಂದು 2022ರ ಮಾರ್ಗಸೂಚಿ ಹೇಳುತ್ತದೆ. 'ಆರೋಗ್ಯ ಪೇಯ' ಎಂಬ ವರ್ಗವೇ ಆಹಾರ ಕಾನೂನಿನಲ್ಲಿ ಇಲ್ಲದಿರುವದರಿಂದ, ಆ ಹೆಸರಿನಡಿ ಪಾನೀಯಗಳನ್ನು ತೋರಿಸಬಾರದೆಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಅಂತರ್ಜಾಲದ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು. ಆದರೂ ಮನೆಮಂದಿಯೆಲ್ಲ ಕೂಡಿ ನೋಡುವ ಧಾರಾವಾಹಿ, ಕ್ರಿಕೆಟ್ಟು ಮಕ್ಕಳ ಕಾರ್ಯಕ್ರಮವೆನಿಸುವದಿಲ್ಲ. ಮಗು ಮಾತ್ರ ಅಲ್ಲಿಯೇ ಕುಳಿತಿರುತ್ತದೆ.

ಉಳಿದ ಭಾಗ ನಮ್ಮದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಯಾವ ಶಾಲೆಯೂ ವೆಚ್ಚವಿಲ್ಲದೆ ಮಾಡಬಹುದಾದ ಕೆಲಸಗಳಿವೆ. ಖಾಲಿ ಪೊಟ್ಟಣವೊಂದನ್ನು ಗಣಿತದ ತಾಸಿಗೆ ತರಿಸಬೇಕು. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಇರುತ್ತದೆಂದು ತೋರಿಸಬೇಕು. ನೂರು ಗ್ರಾಮಿನಲ್ಲಿ 35 ಗ್ರಾಂ ಸಕ್ಕರೆ ಎಂದಿದ್ದರೆ, ಲೋಟಕ್ಕೆ ಹಾಕುವ 20 ಗ್ರಾಂ ಪುಡಿಯಲ್ಲಿ ಎಷ್ಟಾಯಿತೆಂದು ಲೆಕ್ಕ ಹಾಕಿಸಬೇಕು. ಏಳು ಗ್ರಾಂ ಸಕ್ಕರೆಯನ್ನು ಮೇಜಿನ ಮೇಲೆ ತೂಗಿಟ್ಟರೆ ಆ ರಾಶಿಯೇ ಪಾಠ ಹೇಳುತ್ತದೆ. ಕನ್ನಡದ ತಾಸಿನಲ್ಲಿ ಜಾಹೀರಾತೊಂದನ್ನು ಬರೆಸಿ, 'ಇದರಲ್ಲಿ ಹೇಳಿದ್ದೇನು, ಹೇಳದೆ ಬಿಟ್ಟದ್ದೇನು?' ಎಂದು ಕೇಳಬೇಕು. ವಾರಕ್ಕೊಮ್ಮೆಯಾದರೂ ಶಿಕ್ಷಕರು ಮಕ್ಕಳ ಸಾಲಿನಲ್ಲಿಯೇ ಕುಳಿತು ರೊಟ್ಟಿಯ ಡಬ್ಬಿ ತೆರೆಯಬೇಕು. ಈ ಕೊನೆಯ ಕೆಲಸವೇ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ.

ಮನೆಯದೆಲ್ಲ ಅಮೃತ, ಪೊಟ್ಟಣದ್ದೆಲ್ಲ ವಿಷ ಎಂಬುದು ನನ್ನ ವಾದವಲ್ಲ. ನಮ್ಮ ಮಿರ್ಚಿ-ಮಂಡಕ್ಕಿಯೂ ನಿತ್ಯದ ಊಟವಾಗಲಾರದು. ಮಗು ಒಮ್ಮೊಮ್ಮೆ ಪೊಟ್ಟಣ ತಿಂದರೆ ಆಕಾಶ ಬೀಳುವದಿಲ್ಲ. ಅದು ಕೊಳ್ಳುವಾಗ ತನ್ನ ನಿರ್ಣಯದಿಂದ ಕೊಳ್ಳಲಿ, ಉಣ್ಣುವಾಗ ನಾಚದೆ ಉಣ್ಣಲಿ ಎಂಬುದಷ್ಟೇ ನನ್ನ ಕೋರಿಕೆ.

ದಾಸೋಹದ ಪಂಕ್ತಿಯಲ್ಲಿ ಸಿರಿವಂತನ ಮಗನಿಗೂ ಕೂಲಿಕಾರನ ಮಗನಿಗೂ ಒಂದೇ ಅನ್ನ ಬೀಳುತ್ತದೆ. ಅಲ್ಲಿ ಯಾವ ಕೂಸೂ ತನ್ನ ಎಲೆಯನ್ನು ಕೈಯಿಂದ ಮರೆಮಾಡುವದಿಲ್ಲ. ಅನ್ನದ ಎದುರು ಎಲ್ಲರೂ ಸಮಾನರೆಂಬ ಈ ಸಂಸ್ಕಾರವನ್ನು ನಮಗಿತ್ತದ್ದು ಶ್ರೀಮಠ. ಬುತ್ತಿಯ ಹೊತ್ತಿನಲ್ಲಿ ಅದನ್ನು ಒಂದು ಪೊಟ್ಟಣ ಕಸಿದುಕೊಳ್ಳುವದನ್ನು ನೋಡುತ್ತ ನಾವು ಸುಮ್ಮನಿರಬಾರದು. ಅರ್ಧ ಮುಚ್ಚಿದ ಆ ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆರೆಯಿಸುವ ಹೊಣೆ ಪಾಲಕರದೂ ಹೌದು, ಶಿಕ್ಷಕರಾದ ನಮ್ಮದೂ ಹೌದು.